ಸಿರುಗುಪ್ಪದ ಗಾಳಿ

...ಅಲ್ಲಲೇ ಇಮಾಮು, ಕುದರಿ ಮೈ ಎಷ್ಟಂತ ತಿಕ್ತೀ? ಮುಂಜಾನಿಂದ ತಿಕ್ಕಾಕತ್ತೀ ಅಂತ ಜಟಕಾ ಸ್ಟ್ಯಾಂಡಿನಾಗ ಎಲ್ಲರೂ ಹೇಳಾಕತ್ತಾರ. ಅದರ ತೊಗಲು ಕಿತ್ತು ಬಂದೀತು! ಬಿಡು ಅತ್ಲಾಗ. ಇತ್ಲಾಗ ನೋಡು. ನಾ ಯಾರ ಕೂಡ ಮಾತಾಡಾಕತ್ತೀನಿ, ನಿನ್ನ ಕೂಡೋ, ಕುದರಿ ಕೂಡೋ?

ಕುಂದ್ರು ಅಂತನೂ ಅನ್ನವಲ್ಲಿ. ಇರ್ಲಿ, ನಾನ ಕುಂದರ್ತೀನಿ. ಈ ಹುಲ್ಲಿನ ಪೆಂಡಿ ಮ್ಯಾಲ ಕುಂದ್ರಬಹುದಲ್ಲ? ...ಹೂಂ. ಸಣ್ಣಂದಿನಿಂದ ಒಂದ ಓಣ್ಯಾಗ ಬೆಳದೋರು. ಒಂದು ಕಾಲಕ್ಕ ನಾನೂ ಇದ ಸ್ಟ್ಯಾಂಡಿನಾಗ ನಿನ್ನ ಮಗ್ಗಲಾಗ ಜಟಕಾ ನಿಲ್ಲಸ್ತಿದ್ದೆ. ಇವತ್ತು ಉಸ್ಮಾನಸಾಬ್ ಡ್ರೈವರ್ ಬಂದಾನಂದ್ರ ನಿನಗ ಕುದರಿ ಬೆನ್ನು ಹೆಚ್ಚಾತು!

ಒಂದ ಮಾತು ಹೇಳಿ ಹೋಗ್ತೀನಿ. ನಾಳೆ ಹತ್ತಕ್ಕ ಇನ್‌ಸ್ಪೆಕ್ಟರು ಇಬ್ರನ್ನೂ ಕರದಾನ. ಓಡೂ ಬಸ್ಸಿನಾಗ ಹೆಣ್ಮಗಳು ಸತ್ಲು ಅಂದ್ರ ಸುಮ್ನ ಬಿಡ್ತಾರೇನು, ಕೇಳ್ತಾರ. ಅವನು ಕೇಳಾದು ಒಂದ. ‘ನಿನ್ನ ಹೇಣ್ತಿ ದಾವಲಬೀಗೆ ಮೊದಲಿಂದ ದಮ್ಮು ಇತ್ತೇನು?’ ನೀ ಹೂಂ ಅನ್ನು. ಸುಳ್ಳೇನಲ್ಲಲ್ಲ! ಇತ್ತಲ್ಲ? ಕೌಲಬಜಾರದಾಗ ಯಾರಿಗೆ ಗೊತ್ತಿಲ್ಲ ಆಕಿ ದಮ್ಮು? ‘ಆಯುಷ್ಯ ತೀರಿತ್ತು ಸಾಹೇಬ್ರ, ಹೋದ್ಲು’ ಅನ್ನು. ಹೆಬ್ಬಟ್ಟು ಒತ್ತು. ನನ್ನ ಲೈಸೆನ್ಸು ಉಳೀತೈತಿ. ನಾ ಬಸ್ಸು ಹತ್ತತೀನಿ, ನೀ ಜಟಕಾ ಹತ್ತು. ಮುಗೀತು.

ಏನಂತೀ?

...ಏನೂ ಅನ್ನಂಗಿಲ್ಲ. ಹನ್ನೊಂದು ದಿನ ಆತು. ಹನ್ನೊಂದು ದಿನದಿಂದ ಒಬ್ಬರ ಕೂಡನೂ ಮಾತಾಡಿಲ್ಲಂತ ನೀನು. ಮಣ್ಣು ಕೊಡೂ ಹೊತ್ತಿನಾಗೂ ಬಾಯಿ ಬಿಡಲಿಲ್ಲ. ನಾನೂ ಬಂದಿದ್ದೆ ಕಬರಸ್ತಾನಕ್ಕ. ಮೂರು ಮುಷ್ಟಿ ಮಣ್ಣು ನಾನೂ ಹಾಕಿದೆ. ನನ್ನ ನೋಡಿದಿ, ತಲಿ ತಗ್ಗಿಸಿದಿ. ಮಂದಿ ಏನಂತಾರ ಗೊತ್ತೇನು? ಇಮಾಮಸಾಬಗ ತಲಿ ಕೆಟ್ಟೈತಿ ಅಂತಾರ. ನಾ ಹಂಗ ಅನ್ನಂಗಿಲ್ಲಪ್ಪ. ನಿನ್ನ ನಾ ಬಲ್ಲೆ. ಬಾಯಾಗ ಮಾತಿಲ್ಲ, ಹೊಟ್ಟಿ ತುಂಬ ಅರ್ಜಿ!

ಯಾಕ, ಅರ್ಜಿ ಅಂದ ಕೂಡ್ಲೆ ಕೈ ಜೋರಾತು? ತಿಕ್ಕು, ತಿಕ್ಕು. ಮರತೀನಿ ಅಂತ ತಿಳದಿದ್ದೇನು?

ಬಸ್ಸು ಬಂದ ದಿನ ನೆನಪೈತಿಲ್ಲ? ಯುದ್ಧಕ್ಕಿಂತ ಮೊದಲು. ಗವಿಸಿದ್ದಪ್ಪ ಸಾವಕಾರ ಹೊಸಾ ಬಸ್ಸು ತಂದ, ನಾನು ಖಾಕಿ ಕೋಟು ಹಾಕ್ಕೊಂಡು ಸ್ಟೇರಿಂಗ್ ಹಿಡದು ಕುಂತೆ. ಮುನ್ಸಿಪಾಲ್ಟಿ ಮೆಂಬರು ಬಂದು ಬಸ್ಸಿನ ಮೂತಿಗೆ ಹಾರ ಹಾಕಿ ಭಾಷಣ ಮಾಡಿದ. ‘ಮಹಾಜನಗಳೇ, ಈ ಒಂದು ಬಸ್ಸು ಇಪ್ಪತ್ತು ಜಟಕಾ ಕೆಲಸ ಮಾಡತೈತಿ. ಇನ್ನ ಮ್ಯಾಲ ಬಳ್ಳಾರಿ ಬಜಾರದಾಗ ಲದ್ದಿ ಇರಂಗಿಲ್ಲ, ಧೂಳಿರಂಗಿಲ್ಲ, ಚಲೋ ಗಾಳಿ ಉಸರಾಡ್ರಿ’ ಅಂದ. ಮಂದಿ ಚಪ್ಪಾಳಿ ಹೊಡದ್ರು. ನೀ ಹೊಡೀಲಿಲ್ಲ. ಗುಡ್ಡದ ಕಡಿ ಮಕ ಮಾಡಿ ನಿಂತಿದ್ದಿ. ನಾ ನೋಡಿದೆ!

ಮತ್ತ ಖರೇನ ಅಲ್ಲೇನು ಅವ ಹೇಳಿದ್ದು? ನಿಮ್ಮ ಕುದರಿ ಲದ್ದಿ ಒಣಗಿ, ಚಕ್ಕಡಿ ತುಳದು, ಬಿಸಲಿಗೆ ಪುಡಿಪುಡಿ ಆಗಿ ಮಂದಿ ಮೂಗಿನಾಗ ಹೋಗತೈತಿ. ಅದು ಹೊಗಿಯಲ್ಲ, ಅದು ವಾಸನಿಯಲ್ಲ! ಬಸ್ಸಿಂದು ಮಾತ್ರ ಹೊಗಿ!

ಯುದ್ಧ ಬಂತು, ನಾ ಏನ್ ಮಾಡ್ಲಿ? ಪೆಟ್ರೋಲು ಮಿಲಿಟರಿಗೆ ಹೋತು, ನಮಗ ಇದ್ದಲಿ ಬಂತು. ನಿನಗೇನು, ಒಂದು ಚಬಕ ಹೊಡದ್ರ ಕುದರಿ ಹೊಂಟಿತು. ನನ್ನ ಕಷ್ಟ ನೋಡು. ಬಸ್ಸಿನ ಬೆನ್ನಿಗೆ ಆಳೆತ್ತರದ ಡ್ರಮ್ಮು. ಅದರಾಗ ಇದ್ದಲಿ ತುಂಬಿ, ಕೆಂಡ ಹಾಕಿ, ಕ್ಲೀನರ್ ಮಾರೆಣ್ಣ ಅರ್ಧ ತಾಸು ಹ್ಯಾಂಡ್ಲು ತಿರುವಿ ಗಾಳಿ ಊದಬೇಕು. ಆ ಕೆಂಡದ ಗ್ಯಾಸು ಪೈಪಿನಾಗ ಹರದು ಇಂಜಿನ್ನಿಗೆ ಬಂದ್ರ ಬಸ್ಸು ಗೊರ್ರ್ ಅಂತೈತಿ. ನಡುವ ಆರಿತು ಅಂದ್ರ ಮತ್ತ ಅರ್ಧ ತಾಸು. ಆ ಮಾರೆಣ್ಣ ಡ್ರಮ್ಮಿನ ಮಗ್ಗಲಾಗ ನಿಂತು ನಿಂತು ತಲಿ ತಿರಗಿ ಬೀಳ್ತಿದ್ದ. ಒಂದು ಚರಿಗಿ ಮಜ್ಜಿಗಿ ಕುಡಿಸಿದ್ರ ಎದ್ದು ಕುಂದರ್ತಿದ್ದ. ಅದೇನು ದೊಡ್ಡ ಬ್ಯಾನಿಯಲ್ಲ.

ಅಷ್ಟರಾಗ ನೀವು ಜಟಕಾದೋರು ಮುನ್ಸಿಪಾಲ್ಟಿಗೆ ಅರ್ಜಿ ಕೊಟ್ರಿ. ನೀನ ಮುಂದಾಳು. ಬಾಯಿಪಾಠ ಐತಿ ನನಗ. ‘ಹತ್ತಿ ಮಿಲ್ಲಿನ ಚಿಮಣಿ ಒಂದ ಕಡಿ ನಿಂತಿರತೈತಿ ಸ್ವಾಮಿ, ಈ ಬಸ್ಸಿನ ಚಿಮಣಿ ಮನಿ ಬಾಗಲಿಗೇ ಬರತೈತಿ.’ ವಾಹ್! ‘ಇಪ್ಪತ್ತು ಜಟಕಾ ಕಮ್ಮಿ ಆಗ್ತಾವ ಅಂದ್ರಿ, ಹತ್ತು ಹೆಚ್ಚಾಗ್ಯಾವ. ಬಸ್ಸಿಂದ ಇಳದೋರು ಮನಿಗೆ ಹೋಗಾಕ ನಮ್ಮ ಜಟಕಾನ ಹತ್ತತಾರ. ಲದ್ದಿನೂ ಉಳೀತು, ಹೊಗಿನೂ ಬಂತು.’ ಯಾರು ಬರದುಕೊಟ್ರಲೇ? ಆ ಕೋರ್ಟಿನ ಮುಂದಿನ ಅರ್ಜಿ ಬರಿಯೋನು? ಮಾತು ಅವನದಲ್ಲ ಬಿಡು, ಮಾತು ನಿಂದ.

ಏನಾತು ಆಮ್ಯಾಲ? ಸಾವಕಾರ ನಡುಬಜಾರದಾಗ ನನ್ನ ನಿಲ್ಲಸಿ ಬೈದ. ಎಲ್ಲರ ಮುಂದ! ‘ಹೊಗಿ ಬಿಡದಂಗ ಬಸ್ಸು ಓಡಸಾಕ ಬರಂಗಿಲ್ಲೇನಲೇ ನಿನಗ’ ಅಂದ. ಎರಡು ತಿಂಗಳು ಬಸ್ಸು ಊರ ಹೊರಗ ನಿಲ್ಲಸಿದ್ರು. ಏಪ್ರಿಲ್ ಬಿಸಲಾಗ, ಗಿಡದ ನೆಳ್ಳಿಲ್ಲದ ಜಾಗದಾಗ. ಅಲ್ಲಿಗೆ ಮಂದೀನ ನೀ ಜಟಕಾದಾಗ ತಂದು ಇಳಸ್ತಿದ್ದಿ. ನನ್ನ ನೋಡಿ ಸಲಾಂ ಬ್ಯಾರೆ ಮಾಡ್ತಿದ್ದಿ. ಆ ಸಲಾಂ ನಾ ಮರಿಯಂಗಿಲ್ಲ, ತಿಳೀತೇನು? ಸಾಯೂತನಕ ಮರಿಯಂಗಿಲ್ಲ.

...ಇರ್ಲಿ. ಅದಕ್ಕೂ ಇದಕ್ಕೂ ಏನೂ ಸಂಬಂಧಿಲ್ಲ. ಮಾತಿಗೆ ಮಾತು ಬಂತು, ಹೇಳಿದೆ. ಇನ್‌ಸ್ಪೆಕ್ಟರ ಮುಂದ ಅರ್ಜಿ ಸುದ್ದಿ ತೆಗೀಬ್ಯಾಡ ಮತ್ತ.

ಆಕೀಗೆ ದಮ್ಮು ಬಂದದ್ದು ನನ್ನ ಬಸ್ಸಿಂದಲ್ಲ. ನಿನ್ನ ಮನಿ ಎಲ್ಲೈತಿ? ಹತ್ತಿ ಪ್ರೆಸ್ಸಿನ ಗ್ವಾಡಿಗೆ ಹತ್ತಿಕೊಂಡು. ಹಗಲೆಲ್ಲಾ ಹತ್ತಿ ಧೂಳು, ಮ್ಯಾಲ ಚಿಮಣಿ ಹೊಗಿ, ಬಾಗಲಾಗ ನಿನ್ನ ಕುದರಿ. ಆಕಿ ಒಣಗಾಕಿದ ಬಿಳೇ ಬಟ್ಟಿ ಸಂಜಿಕ್ಕ ಬೂದಿ ಬಣ್ಣ ಆಗ್ತಿತ್ತಂತ, ನನ್ನ ಮನ್ಯಾಕಿ ಹೇಳ್ತಿದ್ಲು. ಡಾಕ್ಟರು ಏನಂದ್ರು? ‘ಔಷಧ ಕೊಟ್ಟು ಉಪಯೋಗಿಲ್ಲ, ಈ ಹೊಗಿ ಬಿಡಸು, ನದಿ ಕಡಿ ಗಾಳಿಗೆ ಕಳಸು’ ಅಂದ್ರು. ಕರೂರಿನಾಗ ಆಕಿ ತವರು ಐತಿ. ಗದ್ದಿ ಸೀಮಿ, ತುಂಗಭದ್ರಾ ಗಾಳಿ. ಸಿರುಗುಪ್ಪದ ತನಕ ಮುಟ್ಟಿಸಿದ್ರ ಆಕಿ ತಮ್ಮ ಬಂಡಿ ತಂದು ಕರಕೊಂಡು ಹೋಗ್ತಾನ. ಆದ್ರ ಸಿರುಗುಪ್ಪದ ತನಕ ಯಾರು ಮುಟ್ಟಸ್ತಾರ? ನಿನ್ನ ಈ ಕುದರಿ ಬಾದಶಾ ಮುಟ್ಟಸ್ತೈತೇನು, ನಲವತ್ತು ಮೈಲು? ಕುರುಗೋಡಕ್ಕ ಹೋಗೂದ್ರಾಗ ಮಂಡಿ ಊರತೈತಿ!

ಅವತ್ತು ನೀ ಬಂದಿ ನೋಡು ನನ್ನ ಬಸ್ಸಿಗೆ! ಹಹ್... ಮಕ ನೋಡಬೇಕಿತ್ತು ನಿಂದು. ಗಂಟು ಹಿಡಕೊಂಡು, ಹಿಂದ ಬುರ್ಕಾ ಹಾಕ್ಕೊಂಡ ಹೇಣ್ತಿ. ‘ಅರ್ಜಿದಾರರು ಬಂದ್ರು, ದಾರಿ ಬಿಡ್ರಪ್ಪಾ’ ಅಂತ ನಾನ ಕೂಗಿದೆ. ‘ಉಸ್ಮಾನಾ, ಒಂದು ಸೀಟು ಬೇಕು’ ಅಂದಿ. ‘ಏನಂದಿ? ಇಂಜಿನ್ ಸದ್ದಿಗೆ ಕೇಳಸವಲ್ದು’ ಅಂದೆ. ಮತ್ತ ಅಂದಿ. ‘ಜೋರಾಗಿ ಹೇಳು’ ಅಂದೆ. ಮೂರು ಸಲ ಹೇಳಸಿದೆ. ಹೌದು, ಬೇಕಂತ ಹೇಳಸಿದೆ! ಕೇಳಸಿತ್ತು ನನಗ ಮೊದಲನೇ ಸಲಕ್ಕ. ಅಷ್ಟೂ ಹಕ್ಕಿಲ್ಲೇನು ನನಗ?

ಆಮ್ಯಾಲ ಕುಂಡ್ರಸಿದೆನೋ ಇಲ್ಲೋ? ಆಕಿನ ನಾ ತಂಗಿ ಅಂತಿದ್ದೆ. ‘ನಿನ್ನ ಕೈಗೆ ಒಪ್ಪಸೀನಿ’ ಅಂದಿ, ‘ಆತು’ ಅಂದೆ. ಗೋಷಾ ಬೆಂಚಿನಾಗ ಕುಂಡ್ರಸಿದೆ, ಮರ್ಯಾದಿಲೆ.

ಆ ಗೋಷಾ ಬೆಂಚು ನನ್ನ ತಲಿಯಾಗ ಬಂದದ್ದು. ಸಾವಕಾರಂದಲ್ಲ. ನಮ್ಮ ಮಂದಿ ಹೆಂಗಸರು ಬಸ್ಸು ಹತ್ತತಿರಲಿಲ್ಲ, ಗಂಡಸರ ನಡುವ ಹ್ಯಾಂಗ ಕುಂದ್ರಾದು ಅಂತ. ನಾನ ಹಿಂದಿನ ಬೆಂಚಿಗೆ ಪರದಾ ಕಟ್ಟಸಿದೆ. ಮಿಲಿಟರಿ ಟೆಂಟಿನ ಬಟ್ಟಿ, ದಪ್ಪಂದು. ಕಿಡಕಿಗೂ ಅದ ಬಟ್ಟಿ ಬಡಿಸಿದೆ. ಸೂಜಿ ತೂರಸಾಕ ಸಂದಿಲ್ಲ! ಲಾಡಿ ಒಳಗ, ನಿಮ್ಮ ಜಟಕಾ ಪರದಾದಾಗ ಇರತೈತಲ್ಲ, ಹಂಗ. ಕಟ್ಟಾದು ಬಿಚ್ಚಾದು ಹೆಂಗಸರ ಕೈಯಾಗ. ಹೊರಗಿನ ಗಂಡಸು ಮುಟ್ಟಂಗಿಲ್ಲ. ಕಾಜಿಸಾಹೇಬ್ರು ಬಂದು ನೋಡಿ, ‘ಶಾಬಾಸ್ ಉಸ್ಮಾನ್’ ಅಂದ್ರು. ಆಮ್ಯಾಲ ನೋಡು, ಗೋಷಾದೋರು ಎಲ್ಲಾ ನನ್ನ ಬಸ್ಸಿಗೇ. ನಿನ್ನ ಹರಕ ಪರದಾ ಯಾರಿಗೆ ಬೇಕು?

ಹಿಂದ ಯಾಕ ಇಟ್ಟಿ, ಡ್ರಮ್ಮಿನ ಮಗ್ಗಲಾಗ ಯಾಕ ಇಟ್ಟಿ ಅಂತ ಇನ್‌ಸ್ಪೆಕ್ಟರು ಕೇಳಿದ. ತೆಲುಗಿನ್ಯಾವ. ‘ಏಮಯ್ಯಾ, ಆಡವಾಳ್ಳನ್ನಿ ಪೊಯ್ಯಿ ದಗ್ಗರ ಕೂಚೋಬೆಡತಾವಾ’ ಅಂದ. ಹೆಂಗಸರನ್ನ ಒಲಿ ಮಗ್ಗಲಾಗ ಕುಂಡ್ರಸ್ತೀಯಾ ಅಂತ! ಮನ್ಯಾಗ ಎಲ್ಲಿ ಕುಂದರ್ತಾರಪ್ಪ ಅವರು, ಒಲಿ ಮಗ್ಗಲಾಗ ಅಲ್ಲೇನು? ...ಹಂಗ ಅವನಿಗೆ ಅನ್ನಲಿಲ್ಲ. ನಿನಗ ಅಂತೀನಿ. ಮುಂದ ಕುಂಡ್ರಸಿದ್ರ ಹತ್ತೋರು ಇಳಿಯೋರು ಎಲ್ಲಾ ನೋಡ್ತಾರ, ಇಜ್ಜತ್ ಹೋಗತೈತಿ ಅಂದೆ. ಬರಕೊಂಡ.

ಏನಾತು ಅಂತ ಹೇಳ್ಲಾ? ಹೇಳ್ತೀನಿ ಕೇಳು. ನಾಳೆ ನೀನೂ ಇದನ್ನ ಹೇಳಬೇಕು.

ಬಳ್ಳಾರಿಯಿಂದ ಕುರುಗೋಡದ ತನಕ ಒಳಗ ಇಬ್ರು. ದಾವಲಬೀ, ಮತ್ತ ಖೈರುನಬಿ, ಆ ಬಳಿಗಾರರ ಮನಿ ಮುದುಕಿ. ಮಾತು ಕೇಳಸ್ತಿತ್ತು, ಆಮ್ಯಾಲ ಕೆಮ್ಮು ಕೇಳಸ್ತಿತ್ತು. ಬಾದನಹಟ್ಟಿ ದಾಟಿದ ಮ್ಯಾಲ ಏನೂ ಕೇಳಸಲಿಲ್ಲ. ಕುರುಗೋಡದಾಗ ಖೈರುನಬಿ ಇಳದ್ಲು. ಇಳದು ಗಿಡದ ಬುಡಕ ಕುಂತು ವಾಂತಿ ಮಾಡಿಕೊಂಡ್ಲು. ‘ತಲಿ ಸಿಡೀತೈತಿ, ಹುಡುಗಿ ಒಬ್ಬಾಕಿ ಅದಾಳ ನೋಡಪ್ಪಾ’ ಅಂದ್ಲು. ಬಸ್ಸು ಕುಲುಕಿದ್ರ ಯಾರಿಗೆ ವಾಂತಿ ಆಗಂಗಿಲ್ಲ? ಅದಾದ ಮ್ಯಾಲ ನಾ ಹೊಂಟೆ. ಒಳಗಿಂದ ಸದ್ದಿಲ್ಲ, ಏನಿಲ್ಲ. ಮಲಗ್ಯಾಳ ಅನಕೊಂಡೆ. ಪರದಾ ಎತ್ತಿ ನೋಡಾಕ ಬರತೈತೇನು? ನೀನ ಹೇಳು, ಇನ್ನೊಬ್ಬನ ಹೇಣ್ತಿ ಕುಂತಲ್ಲಿ ಪರದಾ ಎತ್ತತೀಯಾ ನೀನು? ಇಪ್ಪತ್ತು ವರ್ಷದಾಗ ಒಂದು ಸಲನಾರ ಎತ್ತೀಯೇನು? ಇಲ್ಲ. ನಾನೂ ಎತ್ತಲಿಲ್ಲ. ಆತಲ್ಲ?

ಮಾರೆಣ್ಣ ಏನಾರ ಹೇಳ್ಯಾನೇನು? ...ಬಂದಿದ್ನಾ ಇಲ್ಲಿಗೆ? ಅವ ಕೆಲಸ ಬಿಟ್ಟು ಹೋದ. ಅವನ ಮಾತು ನಂಬಬ್ಯಾಡ. ಡ್ರಮ್ಮಿನ ಮುಚ್ಚಳ ಸೋರತಿತ್ತು ಅಂತ ಊರ ತುಂಬ ಹೇಳಾಕತ್ತಾನಂತ. ಯಾವ ಮುಚ್ಚಳ ಸೋರಂಗಿಲ್ಲ? ಜೇಡಿಮಣ್ಣು ಮೆತ್ತಿದ್ದೆ ನಾನು. ...ತಲಿ ಅಲ್ಲಾಡಸ್ತೀ. ಬಂದಿಲ್ಲ. ಸರಿ, ಬಂದಿಲ್ಲ.

ಬಸ್ಸು ಎಲ್ಲರನ್ನೂ ಹೊಗಿ ದಾಟಸಿ ಚಲೋ ಗಾಳಿಗೆ ಒಯ್ಯತೈತಿ ಅಂತ ನಾ ಹೇಳಿದ್ನೇನು? ಮೆಂಬರ ಹೇಳಿದ್ದ, ಡಾಕ್ಟರ ಹೇಳಿದ್ರು. ಹೋಗಿ ಅವರನ್ನ ಕೇಳು. ಹೊಗಿನೂ ಟಿಕೆಟ್ ಇಲ್ದ ಬಸ್ಸು ಹತ್ತತೈತಿ, ನಾ ಏನ್ ಮಾಡ್ಲಿ?

ಸಿರುಗುಪ್ಪ ಬಂತು. ಮಂದಿ ಎಲ್ಲಾ ಇಳದ್ರು. ಆಕಿ ತಮ್ಮ ಬಂಡಿ ಹೂಡಿ ನಿಂತಿದ್ದ. ಹೊರಗಿಂದ ‘ಅಕ್ಕಾ’ ಅಂದ. ‘ಅಕ್ಕಾ, ಇಳಿ’ ಅಂದ. ಮಾತಿಲ್ಲ. ಪರದಾ ಬಡದ. ಮಾತಿಲ್ಲ. ಖುದಾನ ಕಸಮ್, ನನಗೇನು ಕರಳಿಲ್ಲ ಅಂತ ತಿಳದೀಯೇನು? ಓಡಿಹೋದೆ. ಆ ಗಂಟು ಬಿಚ್ಚಾಕ ನನಗ ಎಷ್ಟೊತ್ತು ಹಿಡೀತು ಗೊತ್ತೇನು ನಿನಗ? ಉಗುರಿಲೆ ಎಳದೆ, ಬಿಚ್ಚವಲ್ದು, ಹಲ್ಲಿಲೆ ಕಚ್ಚಿ ಎಳದೆ, ಬಿಚ್ಚವಲ್ದು, ಕಡೀಗೆ ಚಾಕು ತಗೊಂಡು...

...ಯಾಕ? ತಿಕ್ಕಾದು ಯಾಕ ನಿಲ್ಲಸಿದಿ?

ಯಾಕ ಹಂಗ ನೋಡ್ತೀ ನನ್ನ ಕೈ?

ಗಂಟು... ಯಾವ ಗಂಟು ಅಂದ್ರ? ಪರದಾದ್ದು. ಆಕೀನ ಕಟ್ಟಿಕೊಂಡಿದ್ಲು. ಒಳಗ. ಒಳಗಿಂದ ಕಟ್ಟಿಕೊಂಡಿದ್ಲು, ನಾ ಹೊರಗಿಂದ... ಒಳಗಿನ ಗಂಟು ಹೊರಗ ನಿಂತು ಹಲ್ಲಿಲೆ ಹ್ಯಾಂಗ ಕಚ್ಚಿದಿ ಅಂತ ಕೇಳಂಗ ನೋಡಬ್ಯಾಡ! ಬಾಯಿಬಿಟ್ಟು ಕೇಳು! ಕೇಳಲೇ! ಗಂಡಸಾಗಿದ್ರ ಬೈ, ಹೊಡಿ, ಆ ಚಬಕ ಐತಲ್ಲ ತಗೋ! ಸುಮ್ನ ನಿಂತೀಯಲ್ಲ...

ಎಲ್ಲಾರಿಗೂ ಆಗತೈತಿ ಹಂಗ, ಸಿಟ್ಟಿನಾಗ. ಏನು ಕೊಲ್ಲಬೇಕಂತ ಮಾಡಿದ್ನೇನು? ಕುರುಗೋಡದಾಗ ಖೈರುನಬಿ ಇಳದ ಮ್ಯಾಲ ಆಕಿ ಪರದಾ ಸರಸಿ ತಲಿ ಹೊರಗ ಹಾಕಿದ್ಲು. ಬುರ್ಕಾ ಮ್ಯಾಲ ಸರಸಿದ್ಲು, ಮಕ ಕೆಂಪಗಾಗಿತ್ತು. ‘ಉಸ್ಮಾನಣ್ಣಾ, ಮುಂದ ಕುಂದರ್ತೀನಿ’ ಅಂದ್ಲು. ಬಸ್ಸಿನ ತುಂಬ ಗಂಡಸರು! ನೋಡಾಕತ್ತಿದ್ರು ಎಲ್ಲಾ. ನನ್ನ ಗೋಷಾ ಬಸ್ಸಿನ ಹೆಸರೇನಾಗಬೇಕು? ನಾಳೆ ಯಾರು ತಮ್ಮ ಹೆಂಗಸರನ್ನ ಕಳಸ್ತಾರ? ‘ಒಳಗ ಹೋಗು ತಂಗಿ’ ಅಂದೆ. ಹೋಗಲಿಲ್ಲ. ಮಾರೆಣ್ಣ ನಡುವ ಬಾಯಿ ಹಾಕಿದ, ‘ಮುಚ್ಚಳ ಸೋರಾಕತ್ತೈತಿ, ಬೆಂಕಿ ಆರಸಿ ಮಣ್ಣು ಮೆತ್ತೋಣು’ ಅಂದ. ಆರಸಿದ್ರ ಒಂದು ತಾಸು! ‘ಸಿರುಗುಪ್ಪದಾಗ ಮೆತ್ತೀದ್ರಾತು, ಹತ್ತಲೇ’ ಅಂದೆ. ಆಕಿನ ಒಳಗ ನೂಕಿದೆ. ಲಾಡಿ ಹೊರಗ ಎಳಕೊಂಡೆ. ಬೆಂಚಿನ ಸರಳಿಗೆ ಹಾಕಿ ಮೂರು ಗಂಟು ಹೊಡದೆ. ನಾನ ಹೊಡದೆ. ಸಾಕಾ?

ಸಾಕಾತಾ ನಿನಗ? ಹೋಗು, ಹೇಳು ಇನ್‌ಸ್ಪೆಕ್ಟರಿಗೆ. ಬರಸು ಇನ್ನೊಂದು ಅರ್ಜಿ!

...ಆಕಿ ಏನಂದ್ಲು ಅಂತ ನಿನಗ ಬೇಕಲ್ಲ? ಅದಕ್ಕ ಹಿಂಗ ನಿಂತೀಯಲ್ಲ? ಕೇಳು ಹಂಗಾದ್ರ. ಗಂಟು ಹಾಕೂ ಹೊತ್ತಿಗೆ ಒಳಗಿಂದ ಬಟ್ಟಿಗೆ ಬಾಯಿ ಹಚ್ಚಿ ಅಂದ್ಲು. ‘ಅಣ್ಣಾ, ಒಳಗ ಗಾಳಿ ಇಲ್ಲ’ ಅಂದ್ಲು. ಅಷ್ಟ.

ನಾ ಜೋರಾಗಿ ಅಂದೆ, ಎಲ್ಲರಿಗೂ ಕೇಳಸೂವಂಗ. ‘ನಿನ್ನ ಗಂಡ ಅರ್ಜಿ ಕೊಡೂ ಪೈಕಿ. ಸಿರುಗುಪ್ಪದಾಗ ಬೇಕಾದಷ್ಟು ಗಾಳಿ ಐತಿ, ಅಲ್ಲೀತನಕ ತಡಿ’ ಅಂದೆ.

ಬಸ್ಸಿನ ಮಂದಿ ನಕ್ರು, ಇಮಾಮು. ಅವರು ನಕ್ಕರಂತ ನಾ ಇನ್ನೊಂದು ಸಲ ಅಂದೆ.